ಒಬ್ಬ ಹವಾಲ್ದಾರರ ಎರಡು ಗ್ರಾಚ್ಯುಟಿ: ಪ್ರಾದೇಶಿಕ ಸೇನೆಯ ಲೆಕ್ಕ, ಕಾರ್ಖಾನೆಯ ಲೆಕ್ಕ

ಪ್ರಕರಣದ ಹಿನ್ನೆಲೆ

ಬಳ್ಳಾರಿ ತಾಲ್ಲೂಕಿನ ಒಂದು ಸ್ಪಾಂಜ್ ಐರನ್ ಕಾರ್ಖಾನೆಯ ವೇಬ್ರಿಡ್ಜ್‌ನಲ್ಲಿ 2001ರ ಆಗಸ್ಟ್ 1ರಿಂದ 2024ರ ಮಾರ್ಚ್ 31ರವರೆಗೆ ಗುಮಾಸ್ತರಾಗಿದ್ದು, ಅದೇ ಅವಧಿಯಲ್ಲಿ 20 ವರ್ಷ ಪ್ರಾದೇಶಿಕ ಸೇನೆಯಲ್ಲಿಯೂ ಇದ್ದು ಹವಾಲ್ದಾರ್ ಹುದ್ದೆಯಿಂದ ಬಿಡುಗಡೆಯಾದ ಸಿರುಗುಪ್ಪ ಕಡೆಯ ಒಬ್ಬರಿಗೆ ಎರಡೂ ಕಡೆಯಿಂದ ಸಲ್ಲಬೇಕಾದ ಗ್ರಾಚ್ಯುಟಿಯ, ಅಂದರೆ ಸೇವೆ ಮುಗಿದಾಗ ಇಡಿಯಾಗಿ ಕೊಡುವ ಉಪದಾನದ, ವಿವರ ಇಲ್ಲಿದೆ. ಯಾರ ಗುರುತೂ ಸಿಗಬಾರದೆಂದು ಒಂದಕ್ಕಿಂತ ಹೆಚ್ಚು ಕಡತಗಳ ಸಂಗತಿಗಳನ್ನು ಒಂದೇ ಪ್ರಕರಣವಾಗಿ ಹೊಂದಿಸಿದ್ದೇನೆ, ದಿನಾಂಕ ಮತ್ತು ಸಂಬಳದ ಅಂಕಿಗಳನ್ನು ಲೆಕ್ಕ ತಿಳಿಯಾಗುವಂತೆ ಇಟ್ಟುಕೊಂಡಿದ್ದೇನೆ. ನಿಯಮ, ದರ ಮತ್ತು ಮಿತಿಗಳು ಮಾತ್ರ ಆಗ ಜಾರಿಯಲ್ಲಿದ್ದ ಹಾಗೆಯೇ ಇವೆ.

ಪ್ರಾದೇಶಿಕ ಸೇನೆ, ಅಂದರೆ ಜನ ‘ಟಿಎ’ ಎನ್ನುವ ಪಡೆ, 1948ರ ಕಾಯ್ದೆಯಿಂದ ಹುಟ್ಟಿದ್ದು. ರಾಜಾಜಿಯವರು 1949ರ ಅಕ್ಟೋಬರ್ 9ರಂದು ಅದನ್ನು ಉದ್ಘಾಟಿಸಿದರು. ಬೇರೆ ಕಡೆ ಉದ್ಯೋಗವೋ ಕಸುಬೋ ಇರುವವರು ಇದಕ್ಕೆ ಸೇರುತ್ತಾರೆ, ವರ್ಷಕ್ಕೊಮ್ಮೆ ತರಬೇತಿಗೆ ಹೋಗುತ್ತಾರೆ, ಆದೇಶ ಬಂದಾಗ ಸಮವಸ್ತ್ರ ಧರಿಸಿ ಕಾಯಂ ಸೈನಿಕರ ಜೊತೆಗೇ ಪೂರ್ಣಾವಧಿ ಕರ್ತವ್ಯ ಮಾಡುತ್ತಾರೆ. ಈ ಪೂರ್ಣಾವಧಿ ಕರ್ತವ್ಯಕ್ಕೆ ಸೇನೆಯಲ್ಲಿ ‘ಎಂಬಾಡಿಮೆಂಟ್’ ಎಂದು ಹೆಸರು. ನಮ್ಮ ಭಾಗದಲ್ಲಿ ಟಿಎ ಎಂದೊಡನೆ ಧೋನಿಯವರ ಮಾತು ಬರುವುದುಂಟು. ಅವರಿಗೆ 2011ರಲ್ಲಿ ದೊರೆತದ್ದು ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ, ಮತ್ತು ಅವರು ಸೇರಿರುವುದು ಬೆಂಗಳೂರಿನ 106ನೇ ಪ್ಯಾರಾ ಬೆಟಾಲಿಯನ್‌ಗೆ. ಗೌರವ ಪದವಿಗೂ ಇಲ್ಲಿ ಚರ್ಚಿಸುವ ಸೇವಾ ಎಣಿಕೆಗೂ ಸಂಬಂಧವಿಲ್ಲ.

ನಮ್ಮ ಹವಾಲ್ದಾರರು 2003ರ ಜುಲೈ 1ರಂದು ಟಿಎಗೆ ಸೇರಿ, 2023ರ ಜೂನ್ 30ರಂದು ಬಿಡುಗಡೆಯಾದರು. ಈ 20 ವರ್ಷಗಳಲ್ಲಿ ಅವರು ನಾಲ್ಕು ಬಾರಿ ಎಂಬಾಡಿಮೆಂಟ್‌ಗೆ ಹೋಗಿದ್ದರು: 2005ರ ಜನವರಿಯಿಂದ 2006ರ ಡಿಸೆಂಬರ್‌ವರೆಗೆ 24 ತಿಂಗಳು, 2009ರ ಜುಲೈನಿಂದ 2012ರ ಜೂನ್‌ವರೆಗೆ 36 ತಿಂಗಳು, 2015ರ ಫೆಬ್ರುವರಿಯಿಂದ 2017ರ ಮೇವರೆಗೆ 28 ತಿಂಗಳು, 2021ರ ಜುಲೈನಿಂದ ಬಿಡುಗಡೆಯ ದಿನದವರೆಗೆ 24 ತಿಂಗಳು. ಒಟ್ಟು 112 ತಿಂಗಳು, ಎಂದರೆ 9 ವರ್ಷ 4 ತಿಂಗಳು. ಉಳಿದ ಅವಧಿಯಲ್ಲಿ ಅವರು ಕಾರ್ಖಾನೆಯ ಗೇಟಿನ ಪಕ್ಕದ ಕೋಣೆಯಲ್ಲಿ ಕುಳಿತು ಅದಿರು ಮತ್ತು ಕಲ್ಲಿದ್ದಲಿನ ಲಾರಿಗಳ ತೂಕದ ಚೀಟಿ ಬರೆಯುತ್ತಿದ್ದರು. ಟಿಎಯಿಂದ ಬಂದ ಮರುವರ್ಷ, ತುಂಗಭದ್ರಾ ಕಾಲುವೆಯ ಕೆಳಗಿನ ಮನೆತನದ ಭತ್ತದ ಗದ್ದೆಯನ್ನು ನೋಡಿಕೊಳ್ಳಲು ಕಾರ್ಖಾನೆಗೂ ರಾಜೀನಾಮೆ ಕೊಟ್ಟರು.

ಈ ಒಂಬತ್ತು ಚಿಲ್ಲರೆ ವರ್ಷಗಳೇ ಇಡೀ ಪ್ರಕರಣದ ತಿರುಳು. ಸೇನೆ ಗ್ರಾಚ್ಯುಟಿ ಕೊಡುವಾಗ ಆ ವರ್ಷಗಳನ್ನು ಮಾತ್ರ ಎಣಿಸುತ್ತದೆ. ಕಾರ್ಖಾನೆಯವರು ಆ ವರ್ಷಗಳನ್ನು ಮಾತ್ರ ಬಿಟ್ಟು ಎಣಿಸಿದರು. ಮೊದಲನೆಯದು ಸರಿ, ಎರಡನೆಯದು ತಪ್ಪು ಎಂಬುದು ನನ್ನ ನಿಲುವು. ಆದರೆ ಸೇನೆಯ ಕಡೆಯ ಎಣಿಕೆಯೂ ಮೊದಲ ಸಲಕ್ಕೆ ಸರಿಯಾಗಿ ಬರಲಿಲ್ಲ.

ಸೇನೆಯ ಲೆಕ್ಕ

ಮನೆಯವರ ಮೊದಲ ನಿರೀಕ್ಷೆ ಪಿಂಚಣಿಯದಾಗಿತ್ತು. ಇಪ್ಪತ್ತು ವರ್ಷ ಮಿಲ್ಟ್ರಿಯಲ್ಲಿ ಇದ್ದ ಮೇಲೆ ಪಿಂಚಣಿ ಬಾರದೆ ಹೇಗೆ ಎಂಬುದು ಅವರ ಪ್ರಶ್ನೆ. ಅಂಥ ಪ್ರಶ್ನೆ ಸಹಜವೂ ಹೌದು. ಪ್ರಾದೇಶಿಕ ಸೇನೆಯವರ ಪಿಂಚಣಿ ಮತ್ತು ಗ್ರಾಚ್ಯುಟಿಗೆ ಕಾಯಂ ಸೇನೆಯ ಸಾಮಾನ್ಯ ನಿಯಮಗಳೇ ಅನ್ವಯಿಸುತ್ತವೆ, ಟಿಎಗೆಂದೇ ಇರುವ ನಿಯಮಗಳಿಗೆ ವಿರುದ್ಧವಾದಷ್ಟು ಮಾತ್ರ ಅನ್ವಯಿಸುವುದಿಲ್ಲ. 1961ರ ಸೇನಾ ಪಿಂಚಣಿ ನಿಯಮಾವಳಿಯ 292ನೇ ನಿಯಮ ಹೇಳುವುದು ಇದನ್ನೇ. ಟಿಎ ಸೈನಿಕರೊಬ್ಬರಿಗೆ ಅಂಗವೈಕಲ್ಯ ಪಿಂಚಣಿ ನಿರಾಕರಿಸಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ ಇದೇ ನಿಯಮವನ್ನು ಆಧರಿಸಿ ಸೈನಿಕರ ಪರವಾಗಿ ತೀರ್ಪು ನೀಡಿತು. ಕಾಯಂ ಸೇನೆಯಲ್ಲಿ ಹವಾಲ್ದಾರರಂಥವರ ಪಿಂಚಣಿಗೆ 15 ವರ್ಷದ ಅರ್ಹ ಸೇವೆ ಬೇಕು. ಟಿಎಯಲ್ಲಿಯೂ ಅಷ್ಟೇ ಬೇಕು, ಆದರೆ ಅದು 15 ವರ್ಷದ ಎಂಬಾಡಿಮೆಂಟ್ ಸೇವೆ ಆಗಿರಬೇಕು. ನಡುನಡುವೆ ಮನೆಗೆ ಕಳುಹಿಸಿದ ಅವಧಿಯಿಂದ ಸೇವೆ ಮುರಿದುಹೋಯಿತೆಂದು ಭಾವಿಸುವುದಿಲ್ಲ, ಬಿಡಿಬಿಡಿ ಅವಧಿಗಳನ್ನು ಒಟ್ಟುಗೂಡಿಸಬಹುದು. ಆದರೆ ಮನೆಯಲ್ಲಿದ್ದ ಆ ಅವಧಿ ಎಣಿಕೆಗೆ ಸೇರುವುದಿಲ್ಲ. ಹೀಗಾಗಿ 20 ವರ್ಷದ ಟಿಎ ಸದಸ್ಯತ್ವವು ಪಿಂಚಣಿಯ ದೃಷ್ಟಿಯಲ್ಲಿ 9 ವರ್ಷ 4 ತಿಂಗಳು ಮಾತ್ರ, ಮತ್ತು ಅದು 15ಕ್ಕೆ ಬಹಳ ದೂರ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಟಿಎಯಿಂದ ಬಿಡುಗಡೆಯಾದವರೆಲ್ಲ ಸರ್ಕಾರದ ವ್ಯಾಖ್ಯೆಯಂತೆ ‘ಮಾಜಿ ಸೈನಿಕ’ರಾಗುವುದಿಲ್ಲ. ನಿರಂತರ ಎಂಬಾಡಿಮೆಂಟ್ ಸೇವೆಗೆ ಪಿಂಚಣಿ ಪಡೆಯುವವರು, ಸೇನಾ ಸೇವೆಯಿಂದಲೇ ಅಂಗವೈಕಲ್ಯ ಹೊಂದಿದವರು ಮತ್ತು ಶೌರ್ಯ ಪ್ರಶಸ್ತಿ ಪಡೆದವರು ಮಾತ್ರ ಆ ವ್ಯಾಖ್ಯೆಯೊಳಗೆ ಬರುತ್ತಾರೆ. ನಮ್ಮ ಹವಾಲ್ದಾರರು ಈ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲವಾದ್ದರಿಂದ, ಮಾಜಿ ಸೈನಿಕರ ಮೀಸಲಾತಿಯ ಹುದ್ದೆಗೆ ಅರ್ಜಿ ಹಾಕಬೇಕೆಂದಿದ್ದ ಅವರ ಯೋಚನೆಯನ್ನೂ ಕೈಬಿಡಬೇಕಾಯಿತು. ಅವರಿಗೆ ಗ್ರಾಚ್ಯುಟಿಗಿಂತ ಹೆಚ್ಚು ಬೇಸರ ತಂದದ್ದು ಇದೇ.

ಪಿಂಚಣಿಗೆ ಬೇಕಾದಷ್ಟು ಸೇವೆ ಇಲ್ಲದವರಿಗೆ ಎರಡು ಮೊತ್ತಗಳು ಸಲ್ಲುತ್ತವೆ. ಪಿಂಚಣಿಯ ಬದಲಿಗೆ ಕೊಡುವ ಸರ್ವೀಸ್ ಗ್ರಾಚ್ಯುಟಿ ಒಂದು. ಪಿಂಚಣಿ ಇದ್ದರೂ ಇಲ್ಲದಿದ್ದರೂ ಕನಿಷ್ಠ 5 ವರ್ಷದ ಅರ್ಹ ಸೇವೆಗೆ ಸಿಗುವ ನಿವೃತ್ತಿ ಗ್ರಾಚ್ಯುಟಿ ಇನ್ನೊಂದು. ಸರ್ವೀಸ್ ಗ್ರಾಚ್ಯುಟಿಯು ಪ್ರತಿ ಪೂರ್ಣ ಅರ್ಧವರ್ಷಕ್ಕೆ ಅರ್ಧ ತಿಂಗಳ ವೇತನ, ನಿವೃತ್ತಿ ಗ್ರಾಚ್ಯುಟಿಯು ಪ್ರತಿ ಪೂರ್ಣ ಅರ್ಧವರ್ಷಕ್ಕೆ ತಿಂಗಳ ವೇತನದ ಕಾಲು ಭಾಗ. ಎರಡನೆಯದಕ್ಕೆ ವೇತನದ ಹದಿನಾರೂವರೆ ಪಟ್ಟು ಎಂಬ ಮಿತಿಯಿದೆ, ಇಷ್ಟು ಚಿಕ್ಕ ಸೇವೆ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಇಲ್ಲಿ ವೇತನವೆಂದರೆ ಮೂಲ ವೇತನ, ಮಿಲಿಟರಿ ಸರ್ವೀಸ್ ಪೇ ಮತ್ತು ಬಿಡುಗಡೆಯ ದಿನ ಜಾರಿಯಲ್ಲಿದ್ದ ತುಟ್ಟಿಭತ್ಯೆ. ಹವಾಲ್ದಾರರ ಮೂಲ ವೇತನ 33,900 ರೂಪಾಯಿ, ಮಿಲಿಟರಿ ಸರ್ವೀಸ್ ಪೇ 5,200 ರೂಪಾಯಿ, ಕೂಡಿಸಿದರೆ 39,100. 2023ರ ಜೂನ್ ಕೊನೆಗೆ ತುಟ್ಟಿಭತ್ಯೆ ಶೇ 42 ಇದ್ದುದರಿಂದ ಅದು 16,422 ರೂಪಾಯಿ. ಒಟ್ಟು 55,522 ರೂಪಾಯಿ.

ಇನ್ನು ಅರ್ಧವರ್ಷಗಳ ಎಣಿಕೆ. ಮೂರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಉಳಿಕೆಯನ್ನು ಒಂದು ಅರ್ಧವರ್ಷವೆಂದು ಎಣಿಸುವುದು, ಅದಕ್ಕಿಂತ ಕಡಿಮೆಯಾದರೆ ಬಿಟ್ಟುಬಿಡುವುದು ನಿಯಮ. ಈ ಒಂದು ಸಾಲೇ ನಮ್ಮ ಪ್ರಕರಣದಲ್ಲಿ ನಲವತ್ತೊಂದು ಸಾವಿರ ರೂಪಾಯಿಯ ವ್ಯತ್ಯಾಸ ತಂದಿತು. ದಾಖಲೆ ಕಚೇರಿಯಿಂದ ಬಂದ ಸೇವಾ ವಿವರದಲ್ಲಿ ಮೂರನೆಯ ಎಂಬಾಡಿಮೆಂಟ್ 2017ರ ಫೆಬ್ರುವರಿ 28ಕ್ಕೆ ಮುಗಿದಂತೆ ಬರೆಯಲಾಗಿತ್ತು. ವಾಸ್ತವದಲ್ಲಿ ಆ ಬಾರಿ ಘಟಕದ ಅವಧಿಯನ್ನು ಮೂರು ತಿಂಗಳು ವಿಸ್ತರಿಸಲಾಗಿತ್ತು, ಹವಾಲ್ದಾರರು ಮೇ 31ರವರೆಗೂ ಕರ್ತವ್ಯದಲ್ಲಿದ್ದರು. ವಿಸ್ತರಣೆಯ ನಮೂದು ಪಾರ್ಟ್ 2 ಆರ್ಡರ್‌ನಿಂದ, ಅಂದರೆ ಸೈನಿಕರ ಸೇವಾ ಬದಲಾವಣೆಗಳನ್ನು ಘಟಕ ಬರೆದು ಹೊರಡಿಸುವ ಆದೇಶದಿಂದ, ಸೇವಾ ದಾಖಲೆಗೆ ಇಳಿದಿರಲಿಲ್ಲ. ಆ ಮೂರು ತಿಂಗಳು ಬಿಟ್ಟುಹೋದರೆ ಒಟ್ಟು ಸೇವೆ 9 ವರ್ಷ 1 ತಿಂಗಳು. ಮೇಲಿನ ಒಂದು ತಿಂಗಳು ಯಾವ ಲೆಕ್ಕಕ್ಕೂ ಬಾರದೆ 18 ಅರ್ಧವರ್ಷಗಳು ಉಳಿಯುತ್ತವೆ. ಸೇರಿಸಿದರೆ 9 ವರ್ಷ 4 ತಿಂಗಳು, 19 ಅರ್ಧವರ್ಷಗಳು.

18ರ ಲೆಕ್ಕದಲ್ಲಿ ಸರ್ವೀಸ್ ಗ್ರಾಚ್ಯುಟಿ 4,99,698 ರೂಪಾಯಿ, ನಿವೃತ್ತಿ ಗ್ರಾಚ್ಯುಟಿ 2,49,849 ರೂಪಾಯಿ, ಒಟ್ಟು 7,49,547 ರೂಪಾಯಿ. 19ರ ಲೆಕ್ಕದಲ್ಲಿ 27,761 ಅನ್ನು 19ರಿಂದ ಗುಣಿಸಿದರೆ 5,27,459 ರೂಪಾಯಿ, 13,880.50 ಅನ್ನು 19ರಿಂದ ಗುಣಿಸಿದರೆ 2,63,729.50 ರೂಪಾಯಿ, ಒಟ್ಟು 7,91,188.50 ರೂಪಾಯಿ. ವ್ಯತ್ಯಾಸ 41,641.50 ರೂಪಾಯಿ.

ಇದನ್ನು ಸರಿಪಡಿಸುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. 2017ರ ಮಾರ್ಚ್, ಏಪ್ರಿಲ್ ಮತ್ತು ಮೇ ತಿಂಗಳ ಸೇನಾ ಸಂಬಳದ ಚೀಟಿಗಳು, ಆ ತಿಂಗಳುಗಳಲ್ಲಿ ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್‌ನ ಪುಟ ಮತ್ತು ಮೇ ಕೊನೆಗೆ ಊರಿಗೆ ಹೊರಡಲು ಕೊಟ್ಟಿದ್ದ ಮೂವ್‌ಮೆಂಟ್ ಆರ್ಡರ್ ಅವರ ಟ್ರಂಕಿನಲ್ಲಿ ಭದ್ರವಾಗಿದ್ದವು. ಅವುಗಳ ಪ್ರತಿಯೊಡನೆ ಘಟಕದ ಮೂಲಕ ದಾಖಲೆ ಕಚೇರಿಗೆ ಮನವಿ ಹೋಯಿತು, ಬಿಟ್ಟುಹೋದ ನಮೂದು ಸೇರಿತು, ಪ್ರಯಾಗರಾಜ್‌ನ ಪಿಂಚಣಿ ಲೆಕ್ಕಪತ್ರ ಕಚೇರಿಯಿಂದ ಉಳಿಕೆ ಮೊತ್ತ ಮಂಜೂರಾಯಿತು. ಎಂಬಾಡಿಮೆಂಟ್ ಆರಂಭದ ದಿನ ಎಲ್ಲ ದಾಖಲೆಗಳಲ್ಲಿಯೂ ಸರಿಯಾಗಿ ಇರುತ್ತದೆ, ತಪ್ಪುವುದು ಹೆಚ್ಚಾಗಿ ಮುಗಿದ ದಿನವೇ ಎಂಬುದನ್ನು ಇಂಥ ಕಡತ ಹಿಡಿದು ಕೂರುವವರು ಗಮನದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಕಾರ್ಖಾನೆಯ ಲೆಕ್ಕ

ಕಾರ್ಖಾನೆಯ ಗ್ರಾಚ್ಯುಟಿಗೆ ಆಧಾರ 1972ರ ಉಪದಾನ ಪಾವತಿ ಕಾಯ್ದೆ. (2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ನಮ್ಮ ಹವಾಲ್ದಾರರು ಕೆಲಸ ಬಿಟ್ಟದ್ದು ಅದಕ್ಕೂ ಮುಂಚೆ. ನಿರಂತರ ಸೇವೆಯ ವ್ಯಾಖ್ಯೆಯನ್ನು ಸಂಹಿತೆಯೂ ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡಿರುವುದರಿಂದ ಮುಂದಿನ ಚರ್ಚೆ ಈಗಲೂ ಹಳತಾಗಿಲ್ಲ.) ಐದು ವರ್ಷದ ನಿರಂತರ ಸೇವೆ ಮುಗಿಸಿದವರು ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿಗೆ ಅರ್ಹರು. ಪ್ರತಿ ಪೂರ್ಣ ವರ್ಷಕ್ಕೆ, ಆರು ತಿಂಗಳಿಗಿಂತ ಹೆಚ್ಚಾದ ಉಳಿಕೆ ಅವಧಿಗೂ, ಕೊನೆಯ ವೇತನದ ದರದಲ್ಲಿ 15 ದಿನದ ವೇತನ ಸಲ್ಲುತ್ತದೆ. ಮಾಸಿಕ ಸಂಬಳದವರಿಗೆ ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು. ವೇತನವೆಂದರೆ ಮೂಲ ವೇತನ ಮತ್ತು ತುಟ್ಟಿಭತ್ಯೆ. ಮನೆಬಾಡಿಗೆ ಭತ್ಯೆ, ಓವರ್‌ಟೈಮ್, ಬೋನಸ್ ಸೇರುವುದಿಲ್ಲ. ಗರಿಷ್ಠ ಮಿತಿ 2018ರ ಮಾರ್ಚ್ 29ರಿಂದ 20 ಲಕ್ಷ ರೂಪಾಯಿ.

ಹವಾಲ್ದಾರರ ಕೊನೆಯ ಮೂಲ ವೇತನ 16,900 ರೂಪಾಯಿ, ತುಟ್ಟಿಭತ್ಯೆ 5,200 ರೂಪಾಯಿ, ಒಟ್ಟು 22,100 ರೂಪಾಯಿ. 26ರಿಂದ ಭಾಗಿಸಿದರೆ ದಿನಕ್ಕೆ 850, ಹದಿನೈದು ದಿನಕ್ಕೆ 12,750. ಸೇವೆ 22 ವರ್ಷ 8 ತಿಂಗಳು. ಎಂಟು ತಿಂಗಳು ಆರನ್ನು ಮೀರುವುದರಿಂದ 23 ವರ್ಷ. ಮೊತ್ತ 2,93,250 ರೂಪಾಯಿ.

ಏಪ್ರಿಲ್ 27ರಂದು ಅವರ ಖಾತೆಗೆ ಜಮೆಯಾದದ್ದು 1,43,650 ರೂಪಾಯಿ. ಜೊತೆಗೆ ಬಂದ ಒಂದು ಪುಟದ ಲೆಕ್ಕದಲ್ಲಿ ಎರಡು ತಪ್ಪುಗಳಿದ್ದವು. 22,100 ಅನ್ನು 26ರ ಬದಲು 30ರಿಂದ ಭಾಗಿಸಿ ವರ್ಷಕ್ಕೆ 11,050 ರೂಪಾಯಿ ಎಂದು ಹಿಡಿದದ್ದು ಒಂದು. ಇದನ್ನು ತೋರಿಸಿದೊಡನೆ ಆಡಳಿತದವರು ಒಪ್ಪಿಕೊಂಡರು, ಏಕೆಂದರೆ 26ರ ಭಾಜಕವನ್ನು ಕಾಯ್ದೆಯೇ ಬರೆದು ಹೇಳಿರುವಾಗ ವಾದಕ್ಕೆ ಎಡೆಯಿಲ್ಲ. ಎರಡನೆಯದರಲ್ಲಿ ಮಾತ್ರ ಅವರು ಬಿಗಿಯಾಗಿ ನಿಂತರು. ಪುಟದ ‘ಸೇವಾ ಅವಧಿ’ ಎಂಬ ಕಾಲಮಿನಲ್ಲಿ 22 ವರ್ಷ 8 ತಿಂಗಳು ಎಂದು ಬರೆದು, ಅದರ ಕೆಳಗೆ ‘ಮಿಲಿಟರಿ ಗೈರುಹಾಜರಿ 9 ವರ್ಷ 4 ತಿಂಗಳು’ ಎಂದು ಕಳೆದು, 13 ವರ್ಷ 4 ತಿಂಗಳು ಎಂದು ಉಳಿಸಿ, ನಾಲ್ಕು ತಿಂಗಳನ್ನು ಬಿಟ್ಟು 13 ವರ್ಷಕ್ಕೆ ಹಣ ಕೊಟ್ಟಿದ್ದರು. ಸಿಬ್ಬಂದಿ ವಿಭಾಗದ ಅಧಿಕಾರಿಯ ಮಾತು ಚುಟುಕಾಗಿತ್ತು: ‘ಆ ದಿನಗಳ ದುಡ್ಡು ಮಿಲ್ಟ್ರಿಯಿಂದ ತಗೊಂಡೀರಲ್ಲ ಸಾರ್, ಮತ್ತ ನಮ್ಮನ್ಯಾಕ ಕೇಳ್ತೀರಿ?’

ಈ ಮಾತಿಗೆ ಮೇಲ್ನೋಟಕ್ಕೆ ಒಂದು ನ್ಯಾಯ ಇರುವಂತೆ ಕಾಣುತ್ತದೆ. ಕೆಲಸ ಮಾಡದ ದಿನಗಳಿಗೆ ಸಂಬಳ ಕೊಟ್ಟಿಲ್ಲ, ಸಂಬಳ ಕೊಡದ ದಿನಗಳಿಗೆ ಗ್ರಾಚ್ಯುಟಿ ಏಕೆ ಎಂದು ಸಾಮಾನ್ಯ ಮಾಲೀಕರು ಕೇಳುವುದು ಸಹಜ. ಆದರೆ ಗ್ರಾಚ್ಯುಟಿ ಕಾಯ್ದೆ ಸಂಬಳದ ದಿನಗಳನ್ನು ಎಣಿಸುವುದಿಲ್ಲ, ಉದ್ಯೋಗದ ಸಂಬಂಧ ಎಷ್ಟು ವರ್ಷ ಮುರಿಯದೆ ಉಳಿದಿತ್ತು ಎಂಬುದನ್ನು ಎಣಿಸುತ್ತದೆ. ಕಾಯ್ದೆಯ 2ಎ ಸೆಕ್ಷನ್‌ನ ಮೊದಲ ಉಪವಿಧಿಯಂತೆ ಕಾಯಿಲೆ, ಅಪಘಾತ, ರಜೆ, ರಜೆಯಿಲ್ಲದ ಗೈರುಹಾಜರಿ, ಲೇ-ಆಫ್ (ಕೆಲಸ ಕೊಡಲಾಗದೆ ಮಾಲೀಕರು ತಾತ್ಕಾಲಿಕವಾಗಿ ಮನೆಗೆ ಕಳುಹಿಸುವುದು), ಮುಷ್ಕರ, ಲಾಕೌಟ್, ನೌಕರನ ತಪ್ಪಿಲ್ಲದೆ ಕೆಲಸ ನಿಂತದ್ದು, ಇವುಗಳಿಂದ ನಡುವೆ ತಡೆ ಬಂದಿದ್ದರೂ ಸೇವೆ ನಿರಂತರವೇ. ರಜೆಯಿಲ್ಲದ ಗೈರುಹಾಜರಿಗೆ ಮಾತ್ರ ಒಂದು ಹೊರತುಂಟು: ಸ್ಥಾಯಿ ಆದೇಶಗಳ, ಅಂದರೆ ಸಂಸ್ಥೆಯ ಲಿಖಿತ ಸೇವಾ ನಿಯಮಗಳ, ಪ್ರಕಾರ ಆ ಗೈರುಹಾಜರಿಯನ್ನು ಸೇವಾ ಭಂಗವೆಂದು ಪರಿಗಣಿಸಿ ಆದೇಶ ಹೊರಡಿಸಿದ್ದರೆ ಅದು ಸೇವೆಯನ್ನು ಮುರಿಯುತ್ತದೆ.

ಇದರ ಜೊತೆಗೆ 1948ರ ಪ್ರಾದೇಶಿಕ ಸೇನಾ ಕಾಯ್ದೆಯ 7ಎ ಸೆಕ್ಷನ್ ಓದಬೇಕು. ಸೇನಾ ಕರ್ತವ್ಯಕ್ಕೆ ಕರೆಬಂದ ನೌಕರನಿಗೆ ಬೇಕಾದಷ್ಟು ರಜೆ ಕೊಡುವುದು ಮತ್ತು ಕರ್ತವ್ಯ ಮುಗಿದ ಮೇಲೆ, ನಡುವೆ ತಡೆಯೇ ಬಾರದಿದ್ದರೆ ಎಂಥ ಸ್ಥಿತಿಯಲ್ಲಿ ಇರುತ್ತಿದ್ದನೋ ಅದಕ್ಕಿಂತ ಕಡಿಮೆಯಲ್ಲದ ಷರತ್ತುಗಳ ಮೇಲೆ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವುದು ಪ್ರತಿ ಮಾಲೀಕನ ಕರ್ತವ್ಯವೆಂದು ಅದು ವಿಧಿಸುತ್ತದೆ. ಮುಂದಿನ 7ಬಿ ಸೆಕ್ಷನ್ ಭವಿಷ್ಯ ನಿಧಿ, ನಿವೃತ್ತಿ ನಿಧಿ ಮತ್ತು ನೌಕರರ ಹಿತಕ್ಕಾಗಿ ಇರುವ ಇತರ ಯೋಜನೆಗಳಲ್ಲಿನ ಹಕ್ಕುಗಳನ್ನು ಆ ಅವಧಿಯಲ್ಲಿ ಕಾಪಾಡುತ್ತದೆ. ರಜೆ ಕೊಡುವುದು ಮಾಲೀಕನ ಕೃಪೆಯಲ್ಲ, ಕಾನೂನಿನ ಹೊಣೆ. ಹಾಗಿರುವಾಗ ಎಂಬಾಡಿಮೆಂಟ್ ಅವಧಿಯು 2ಎ ಹೇಳುವ ‘ರಜೆ’ಯೊಳಗೇ ಬರುತ್ತದೆ, ಸೇವೆಯಿಂದ ಒಂದು ದಿನವನ್ನೂ ಕಳೆಯುವಂತಿಲ್ಲ ಎಂಬುದು ಹವಾಲ್ದಾರರ ಕಡೆಯ ವಾದ.

ಹಾಜರಿ ಪುಸ್ತಕದಲ್ಲಿ ಕಂಡದ್ದು

ವಾದ ಎಷ್ಟೇ ಗಟ್ಟಿಯಾಗಿದ್ದರೂ ದಾಖಲೆ ಜೊತೆಗಿರಬೇಕು. ಮೊದಲ, ಎರಡನೆಯ ಮತ್ತು ನಾಲ್ಕನೆಯ ಎಂಬಾಡಿಮೆಂಟ್‌ಗೆ ಮುಂಚೆ ಹವಾಲ್ದಾರರು ಸೇನೆಯ ಕರೆಪತ್ರ ಲಗತ್ತಿಸಿ ರಜೆ ಅರ್ಜಿ ಕೊಟ್ಟಿದ್ದರು, ಕಾರ್ಖಾನೆ ವ್ಯವಸ್ಥಾಪಕರ ಸಹಿಯ ಮಂಜೂರಾತಿಯೂ ಇತ್ತು. ಹಾಜರಿ ಪುಸ್ತಕದಲ್ಲಿ ಆ ತಿಂಗಳುಗಳ ಮನೆಗಳಲ್ಲಿ ರಜೆಯ ಗುರುತು ಸಾಲಾಗಿ ಇತ್ತು. 2015ರ ಫೆಬ್ರುವರಿಯಿಂದ ಮಾತ್ರ ಬೇರೆಯೇ ಚಿತ್ರ. ಆ ಬಾರಿ ಕರೆ ಅವಸರದಲ್ಲಿ ಬಂದಿತ್ತು. ಹವಾಲ್ದಾರರು ಮೇಲ್ವಿಚಾರಕರಿಗೆ ಬಾಯಿಮಾತಿನಲ್ಲಿ ಹೇಳಿ, ಕರೆಪತ್ರದ ಪ್ರತಿಯನ್ನು ಗೇಟಿನ ಕಚೇರಿಯಲ್ಲಿ ಬಿಟ್ಟು ಹೋಗಿದ್ದರು. ಆ 28 ತಿಂಗಳು ಹಾಜರಿ ಪುಸ್ತಕದ ಅವರ ಸಾಲಿನಲ್ಲಿ ಗೈರುಹಾಜರಿಯ ಕೆಂಪು ಗುರುತು ಪುಟದಿಂದ ಪುಟಕ್ಕೆ ಸಾಗಿತ್ತು. 2017ರ ಜೂನ್ 1ರಿಂದ ಅದೇ ಸಾಲಿನಲ್ಲಿ, ಅದೇ ಟಿಕೆಟ್ ನಂಬರಿನ ಮುಂದೆ, ಮತ್ತೆ ಹಾಜರಿ ಗುರುತು ಶುರುವಾಗುತ್ತದೆ.

ಆಡಳಿತದವರು ಈ ಕೆಂಪು ಸಾಲನ್ನೇ ತಮ್ಮ ಬಲವೆಂದು ಮುಂದಿಟ್ಟರು. ನನ್ನ ದೃಷ್ಟಿಯಲ್ಲಿ ಅದು ಅವರ ವಾದವನ್ನೇ ದುರ್ಬಲಗೊಳಿಸುವ ದಾಖಲೆ. ರಜೆಯಿಲ್ಲದ ಗೈರುಹಾಜರಿ ಎಂದೇ ಇಟ್ಟುಕೊಂಡರೂ, ಅದನ್ನು ಸೇವಾ ಭಂಗವೆಂದು ಪರಿಗಣಿಸುವ ಆದೇಶ ಬೇಕು. ಅಂಥ ಆದೇಶವಿರಲಿ, ಒಂದು ನೋಟಿಸ್ ಕೂಡ ಅವರ ಕಡತದಲ್ಲಿ ಇರಲಿಲ್ಲ. ಟಿಕೆಟ್ ನಂಬರ್ ಬದಲಾಗಿರಲಿಲ್ಲ, ಹೊಸ ನೇಮಕಾತಿ ಪತ್ರ ಕೊಟ್ಟಿರಲಿಲ್ಲ, ಭವಿಷ್ಯ ನಿಧಿಯ ಖಾತೆ ಅದೇ ಇತ್ತು. ಉದ್ಯೋಗದ ಸಂಬಂಧ ಮುರಿದಿತ್ತು ಎನ್ನಲು ಒಂದೇ ಒಂದು ಕಾಗದವೂ ಇಲ್ಲದಿರುವಾಗ ಗೈರುಹಾಜರಿಯ ಗುರುತು ಸಂಬಳ ಹಿಡಿಯಲು ಸಾಕಾಗುತ್ತದೆಯೇ ಹೊರತು ಸೇವೆ ಕಡಿತ ಮಾಡಲು ಅಲ್ಲ.

ಅದೇ ಪುಸ್ತಕದಲ್ಲಿ ಬಳ್ಳಾರಿಯವರೆಲ್ಲ ನೆನಪಿಟ್ಟುಕೊಂಡಿರುವ ಇನ್ನೊಂದು ಕಾಲದ ಪುಟಗಳೂ ಇದ್ದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ ಅದಿರು ಸಿಗದೆ ಈ ಕಾರ್ಖಾನೆಯೂ ಕುಲುಮೆ ಆರಿಸಿ, ಕಾರ್ಮಿಕರನ್ನು ಲೇ-ಆಫ್ ಮಾಡಿತ್ತು. ಹವಾಲ್ದಾರರು ಆಗ ಎರಡನೆಯ ಎಂಬಾಡಿಮೆಂಟ್‌ನಲ್ಲಿದ್ದರು. ವೇಬ್ರಿಡ್ಜ್‌ನಲ್ಲಿದ್ದ ಅವರ ಜೊತೆಗಾರರು ತಿಂಗಳುಗಟ್ಟಲೆ ಮನೆಯಲ್ಲಿದ್ದರು. ಅವರಲ್ಲಿ ಒಬ್ಬರು 2022ರಲ್ಲಿ ಕೆಲಸ ಬಿಟ್ಟಾಗ ಇದೇ ಆಡಳಿತ ಲೇ-ಆಫ್ ದಿನಗಳನ್ನು ಸೇವೆಯೊಳಗೇ ಎಣಿಸಿ ಪೂರ್ತಿ ಗ್ರಾಚ್ಯುಟಿ ಕೊಟ್ಟಿತ್ತು, ಕೊಡಲೇಬೇಕಿತ್ತು. ಒಂದೇ ಉಪವಿಧಿಯಲ್ಲಿ ಅಕ್ಕಪಕ್ಕ ಇರುವ ‘ರಜೆ’ ಮತ್ತು ‘ಲೇ-ಆಫ್’ ಎಂಬ ಎರಡು ಪದಗಳಲ್ಲಿ ಒಂದಕ್ಕೆ ಒಂದು ನ್ಯಾಯ, ಇನ್ನೊಂದಕ್ಕೆ ಇನ್ನೊಂದು ನ್ಯಾಯ ಆಗಲಾರದು.

ಇಷ್ಟಾದ ಮೇಲೆ ಆಡಳಿತದವರು 240 ದಿನದ ವಾದವನ್ನು ತಂದರು. ವರ್ಷಕ್ಕೆ 240 ದಿನ ಕೆಲಸ ಮಾಡದಿದ್ದರೆ ಆ ವರ್ಷ ಗ್ರಾಚ್ಯುಟಿಗೆ ಸೇರುವುದಿಲ್ಲ ಎಂಬ ನಂಬಿಕೆ ಕಾರ್ಖಾನೆಗಳಲ್ಲಿ ಎಷ್ಟು ಬೇರೂರಿದೆಯೆಂದರೆ ಕಾರ್ಮಿಕರೂ ಅದನ್ನೇ ನಂಬಿಕೊಂಡಿದ್ದಾರೆ. 240 ದಿನದ ಮಾತು ಇರುವುದು 2ಎ ಸೆಕ್ಷನ್‌ನ ಎರಡನೆಯ ಉಪವಿಧಿಯಲ್ಲಿ. ಮೊದಲ ಉಪವಿಧಿಯಂತೆ ನಿರಂತರ ಸೇವೆಯಲ್ಲಿ ಇಲ್ಲದವರಿಗೂ, 240 ದಿನ ಕೆಲಸ ಮಾಡಿದ್ದರೆ ಆ ವರ್ಷವನ್ನು ನಿರಂತರವೆಂದೇ ಭಾವಿಸಬೇಕೆಂದು ಅದು ಹೇಳುತ್ತದೆ. ನೆಲದಡಿಯ ಗಣಿಗಳಲ್ಲಿ ಮತ್ತು ವಾರಕ್ಕೆ ಆರಕ್ಕಿಂತ ಕಡಿಮೆ ದಿನ ನಡೆಯುವ ಸಂಸ್ಥೆಗಳಲ್ಲಿ 190 ದಿನ ಸಾಕು. ಅಂದರೆ ಅದು ನೌಕರನ ಕೈ ಹಿಡಿಯಲು ಇಟ್ಟ ಎರಡನೆಯ ಮೆಟ್ಟಿಲು. ಮೊದಲ ಮೆಟ್ಟಿಲಲ್ಲೇ ಭದ್ರವಾಗಿ ನಿಂತವರನ್ನು ಅದರಿಂದ ಕೆಳಗಿಳಿಸಲು ಬರುವುದಿಲ್ಲ.

ಕುತೂಹಲಕ್ಕೆಂದು ಅವರ ವಾದದಂತೆಯೇ ಎಣಿಸಿ ನೋಡಿದೆ. ಸೇವಾ ವರ್ಷವನ್ನು ಆಗಸ್ಟ್‌ನಿಂದ ಜುಲೈಗೆ ಹಿಡಿದರೆ, ಮೊದಲ ಎಂಬಾಡಿಮೆಂಟ್ ಇದ್ದದ್ದು 24 ತಿಂಗಳಾದರೂ ಅದು ಮೂರು ಸೇವಾ ವರ್ಷಗಳ ಮೇಲೆ ಚಾಚಿಕೊಂಡಿದೆ. ಮೊದಲ ವರ್ಷದಲ್ಲಿ ಐದು ತಿಂಗಳು, ಕೊನೆಯ ವರ್ಷದಲ್ಲಿ ಏಳು ತಿಂಗಳು ಮಾತ್ರ ಕಾರ್ಖಾನೆಯಲ್ಲಿ ಕೆಲಸ, ಎರಡರಲ್ಲಿಯೂ 240 ತುಂಬುವುದಿಲ್ಲ, ಹಾಗಾಗಿ ಮೂರೂ ವರ್ಷ ಹೋದವು. ಎರಡನೆಯದರಲ್ಲಿ ಮೂರು, ಮೂರನೆಯದರಲ್ಲಿ ಮೂರು, ನಾಲ್ಕನೆಯದರಲ್ಲಿ ಎರಡು. ಒಟ್ಟು 11 ವರ್ಷ ಹೋಗಿ 12 ಉಳಿಯುತ್ತವೆ. 9 ವರ್ಷ 4 ತಿಂಗಳ ಗೈರುಹಾಜರಿಗೆ 11 ವರ್ಷದ ಸೇವೆ ಕಳೆಯುವ ಈ ಲೆಕ್ಕ ಅವರೇ ಮೊದಲು ಮಾಡಿದ ನೇರ ಕಳೆಯುವಿಕೆಗಿಂತಲೂ ಕೆಟ್ಟದ್ದು. ವಾರ್ಷಿಕ ತರಬೇತಿಗೆ ಎರಡು ತಿಂಗಳು ಹೋದ ಉಳಿದ ವರ್ಷಗಳನ್ನೂ ಹೀಗೆಯೇ ಜರಡಿ ಹಿಡಿಯಹೊರಟರೆ ಅವುಗಳಲ್ಲಿ ಕೆಲವು 240ರ ಅಂಚಿಗೆ ಬಂದು ನಿಲ್ಲುತ್ತವೆ. ಕಾಯ್ದೆಯ ಉದ್ದೇಶ ಅದಾಗಿರಲು ಸಾಧ್ಯವಿಲ್ಲ.

ಇನ್ನು ‘ಎರಡೂ ಕಡೆ ದುಡ್ಡು’ ಎಂಬ ಆಕ್ಷೇಪಕ್ಕೆ ಉತ್ತರ ಸರಳ. ಗ್ರಾಚ್ಯುಟಿಯನ್ನು ತಡೆಹಿಡಿಯಲು ಕಾಯ್ದೆ ಒಪ್ಪುವ ಕಾರಣಗಳು ಬೆರಳೆಣಿಕೆಯವು: ಮಾಲೀಕರ ಆಸ್ತಿಗೆ ನಷ್ಟ ತಂದು ವಜಾ ಆಗಿರುವುದು, ಹಿಂಸಾಚಾರ, ಕೆಲಸದ ವೇಳೆ ನೈತಿಕ ಅಧಃಪತನದ ಅಪರಾಧ. ಬೇರೆ ಕಡೆಯಿಂದ ಗ್ರಾಚ್ಯುಟಿ ಬಂದಿದೆ ಎಂಬುದು ಆ ಪಟ್ಟಿಯಲ್ಲಿಲ್ಲ.

ಯಾರ ಮುಂದೆ ಹೋಗಬೇಕಿತ್ತು

ಜೂನ್‌ನಲ್ಲಿ ಹವಾಲ್ದಾರರು ನಿಗದಿತ 90 ದಿನಗಳೊಳಗೆ ಗ್ರಾಚ್ಯುಟಿ ವಿವಾದಗಳನ್ನು ತೀರ್ಮಾನಿಸುವ, ರಾಜ್ಯ ಕಾರ್ಮಿಕ ಇಲಾಖೆಯ ನಿಯಂತ್ರಣ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿದರು. ಆಡಳಿತದವರು ಮೊದಲ ವಿಚಾರಣೆಯಲ್ಲೇ, ತಮ್ಮ ಸಂಸ್ಥೆಗೆ ಗಡಿಯಾಚೆ ಆಂಧ್ರದಲ್ಲಿಯೂ ಒಂದು ಶಾಖೆ ಇದೆ, ಹಾಗಾಗಿ ಈ ಪ್ರಾಧಿಕಾರಕ್ಕೆ ಅಧಿಕಾರವಿಲ್ಲ ಎಂದರು. ಈ ಆಕ್ಷೇಪ ಸರಿಯಾದದ್ದೇ. ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಶಾಖೆಗಳಿರುವ ಸಂಸ್ಥೆಗಳು, ಗಣಿಗಳು, ರೈಲ್ವೆ, ಇವುಗಳ ಗ್ರಾಚ್ಯುಟಿಯ ವಿಷಯದಲ್ಲಿ ‘ಸಮುಚಿತ ಸರ್ಕಾರ’, ಅಂದರೆ ಕಾಯ್ದೆಯಂತೆ ಅಧಿಕಾರವಿರುವ ಸರ್ಕಾರ, ಕೇಂದ್ರವೇ. ಸಂಡೂರಿನ ಗಣಿ ಕಾರ್ಮಿಕರೂ, ಬಳ್ಳಾರಿ, ಕೊಪ್ಪಳಗಳಲ್ಲಿ ಅನೇಕ ರಾಜ್ಯಗಳ ಕಂಪನಿಗಳಲ್ಲಿ ದುಡಿಯುವವರೂ ಕೇಂದ್ರ ಕಾರ್ಮಿಕ ಆಯುಕ್ತರ ವ್ಯವಸ್ಥೆಯಡಿಯ ಅಧಿಕಾರಿಯ ಮುಂದೆ ಹೋಗಬೇಕು. ಅರ್ಜಿಯನ್ನು ಅಲ್ಲಿಗೆ ಒಯ್ಯುವುದರಲ್ಲಿ ಎರಡು ತಿಂಗಳು ಕಳೆದವು.

ಎರಡನೆಯ ವಿಚಾರಣೆಯ ಹೊತ್ತಿಗೆ ಹಾಜರಿ ಪುಸ್ತಕ, ರಜೆ ಮಂಜೂರಾತಿ ಪತ್ರಗಳು ಮತ್ತು 2022ರಲ್ಲಿ ಕೆಲಸ ಬಿಟ್ಟವರ ಲೆಕ್ಕ ಎಲ್ಲವೂ ಮೇಜಿನ ಮೇಲಿದ್ದವು. ಆದೇಶ ಬರುವ ಮುನ್ನವೇ ಆಡಳಿತದವರು ಉಳಿಕೆ ಕೊಡಲು ಒಪ್ಪಿದರು. ಒಪ್ಪದಿದ್ದರೆ ಮೇಲ್ಮನವಿಗೆ ಹೋಗಲು ಮೊತ್ತವನ್ನು ಮುಂಚಿತವಾಗಿ ಠೇವಣಿ ಇಡಬೇಕಾಗುತ್ತದೆ ಎಂಬುದೂ ಅವರ ಗಮನದಲ್ಲಿ ಇದ್ದಿರಬೇಕು.

ಬಡ್ಡಿಯ ಬಗ್ಗೆ ಕೊನೆಯ ಒಂದು ಜಗ್ಗಾಟ ನಡೆಯಿತು. ಬಾಕಿ 2,93,250ರಲ್ಲಿ 1,43,650 ಕಳೆದು 1,49,600 ರೂಪಾಯಿ. ಬಡ್ಡಿದರ ವರ್ಷಕ್ಕೆ ಶೇ 10, ಸರಳ ಬಡ್ಡಿ. ಗ್ರಾಚ್ಯುಟಿ ಕೊಡಲು ತಮಗೆ 30 ದಿನ ಇತ್ತು, ಆದ್ದರಿಂದ ಬಡ್ಡಿ ಮೇ 1ರಿಂದ ಎಂದು ಆಡಳಿತದವರು ಒಂಬತ್ತು ತಿಂಗಳಿಗೆ 11,220 ರೂಪಾಯಿ ತೋರಿಸಿದರು. ಕಾಯ್ದೆಯ ಮಾತು ಹಾಗಿಲ್ಲ. 30 ದಿನದೊಳಗೆ ಕೊಟ್ಟರೆ ಬಡ್ಡಿಯೇ ಇಲ್ಲ. ಕೊಡದೆ ಹೋದರೆ ಬಡ್ಡಿ ಓಡುವುದು ಗ್ರಾಚ್ಯುಟಿ ಸಲ್ಲತಕ್ಕದ್ದಾದ ದಿನದಿಂದಲೇ. ಮಾರ್ಚ್ 31ಕ್ಕೆ ಕೆಲಸ ಮುಗಿದದ್ದರಿಂದ ಏಪ್ರಿಲ್ 1ರಿಂದ ಪಾವತಿಯ ದಿನವಾದ 2025ರ ಜನವರಿ 31ರವರೆಗೆ ಹತ್ತು ತಿಂಗಳು, ಬಡ್ಡಿ 12,467 ರೂಪಾಯಿ. ತಪ್ಪು ಪ್ರಾಧಿಕಾರದ ಮುಂದೆ ಕಳೆದ ಎರಡು ತಿಂಗಳನ್ನು ಬಿಡಬೇಕೆಂಬ ಬೇಡಿಕೆಯೂ ನಿಲ್ಲಲಿಲ್ಲ. ನೌಕರನ ತಪ್ಪಿನಿಂದ ವಿಳಂಬವಾಗಿದೆಯೆಂದು ಬಡ್ಡಿಯಿಂದ ವಿನಾಯಿತಿ ಪಡೆಯಲು ಮಾಲೀಕರು ಪ್ರಾಧಿಕಾರದಿಂದ ಲಿಖಿತ ಅನುಮತಿ ಪಡೆದಿರಬೇಕು, ಅವರು ಅದನ್ನು ಕೇಳಿಯೂ ಇರಲಿಲ್ಲ. ಕೈಗೆ ಬಂದದ್ದು 1,62,067 ರೂಪಾಯಿ.

ತೆರಿಗೆಯ ಮಟ್ಟಿಗೆ, ಸೇನೆಯಿಂದ ಬಂದ ಗ್ರಾಚ್ಯುಟಿ ಪೂರ್ತಿ ವಿನಾಯಿತಿಯದು. ಕಾರ್ಖಾನೆಯದು ಕಾಯ್ದೆಯ ಸೂತ್ರದೊಳಗೇ ಇದ್ದು 20 ಲಕ್ಷದ ಮಿತಿಗಿಂತ ಬಹಳ ಕೆಳಗಿರುವುದರಿಂದ ಅದಕ್ಕೂ ತೆರಿಗೆಯಿಲ್ಲ. ಬಡ್ಡಿಯ 12,467 ರೂಪಾಯಿಗೆ ಮಾತ್ರ ಆ ವಿನಾಯಿತಿ ಸಿಗುವುದಿಲ್ಲ. ಹವಾಲ್ದಾರರು ಅದನ್ನು ಆ ವರ್ಷದ ರಿಟರ್ನ್‌ನಲ್ಲಿ ಇತರ ಮೂಲಗಳ ಆದಾಯವೆಂದು ತೋರಿಸಿದರು.